ಕಡಿಮೆ ಖರ್ಚಿನಲ್ಲಿ ಸಮೋವಾ ಪ್ರವಾಸ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾಕ್ಕೆ ಹೊರಟವರು ಹಣ ಕಳೆದುಕೊಳ್ಳುವುದು ಬಹುತೇಕ ಒಂದೇ ಜಾಗದಲ್ಲಿ. ಮೊದಲು ಅಗ್ಗದ ಟಿಕೆಟ್ ಕಂಡೊಡನೆ ಕೊಳ್ಳುತ್ತಾರೆ, ಆಮೇಲೆ ವೀಸಾದ ವಿಚಾರ ತೆಗೆಯುತ್ತಾರೆ, ಕೊನೆಗೆ ವಸತಿ ಹುಡುಕುತ್ತಾರೆ. ವಾರದ ಯಾವ ದಿನ, ಯಾವ ಹೊತ್ತಿನಲ್ಲಿ ಇಳಿಯುತ್ತೇವೆ ಎಂಬುದನ್ನು ಮಾತ್ರ ನೋಡುವುದೇ ಇಲ್ಲ. ನಾನೂ ಮೊದಲ ಸಲ ಶನಿವಾರ ರಾತ್ರಿ ಇಳಿದೆ. ಬಸ್ಸಿಲ್ಲದೆ ಟ್ಯಾಕ್ಸಿಗೆ ತೆತ್ತೆ, ಮರುದಿನ ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿದ್ದರಿಂದ ಹೋಟೆಲಿನ ದುಬಾರಿ ಊಟವನ್ನೇ ಉಂಡೆ, ಸೋಮವಾರ ಬಂದ ದಾರಿಯಲ್ಲೇ ಮರಳಿ ಹಡಗುಕಟ್ಟೆಗೆ ಹೋದೆ. ಎರಡು ದಿನದಲ್ಲಿ ಖರ್ಚಾದ ಆ ಹಣದಲ್ಲಿ ಕಡಲತೀರದಲ್ಲಿ ನಾಲ್ಕು ದಿನ ಊಟದ ಸಮೇತ ಇರಬಹುದಿತ್ತು.

ಇಲ್ಲಿ ಹೇಳಿರುವ ಕ್ರಮದಲ್ಲೇ ಕೆಲಸ ಮಾಡಿದರೆ ಅಂಥ ನಷ್ಟ ತಪ್ಪುತ್ತದೆ. ಮೊದಲು ದಾರಿ, ಆಮೇಲೆ ವಾರದ ಲೆಕ್ಕ, ಆಮೇಲೆ ವಸತಿ, ಅದಾದ ಮೇಲೆ ಟಿಕೆಟ್.

ಹಂತ 1: ಹೋಗುತ್ತಿರುವುದು ಯಾವ ಸಮೋವಾಕ್ಕೆ ಎಂದು ಖಚಿತಪಡಿಸಿಕೊಳ್ಳಿ

ಸಮೋವಾ ಸ್ವತಂತ್ರ ದೇಶ. ಅಪಿಯಾ ಅದರ ರಾಜಧಾನಿ. ಅದರ ಪೂರ್ವಕ್ಕೆ, ವಿಮಾನದಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಅಮೆರಿಕನ್ ಸಮೋವಾ ಇದೆ. ಅದು ಅಮೆರಿಕದ ಆಡಳಿತದ ಪ್ರದೇಶ, ಅದರ ಪ್ರವೇಶದ ನಿಯಮಗಳೇ ಬೇರೆ. ಟಿಕೆಟ್ ಹುಡುಕುವಾಗ ನಿಲ್ದಾಣದ ಸಂಕೇತ ‘ಎಪಿಡಬ್ಲ್ಯೂ’ ಎಂದಿರಬೇಕು. ‘ಪಿಪಿಜಿ’ ಎಂದಿದ್ದರೆ ಅದು ಅಮೆರಿಕನ್ ಸಮೋವಾದ ಪಾಙೊ ಪಾಙೊ.

ಇವೆರಡರ ನಡುವೆ ದಿನಾಂಕ ರೇಖೆ ಹಾದುಹೋಗುತ್ತದೆ. 2011ರ ಡಿಸೆಂಬರ್ 30ನ್ನು ಸಮೋವಾ ತನ್ನ ಕ್ಯಾಲೆಂಡರಿನಿಂದಲೇ ಬಿಟ್ಟು ಪಶ್ಚಿಮದ ಬದಿಗೆ ಸರಿದುಕೊಂಡಿತು. ಅದಕ್ಕೂ ಹಿಂದೆ ಅಚ್ಚಾದ ಮಾರ್ಗದರ್ಶಿ ಪುಸ್ತಕಗಳಲ್ಲಿನ ಸಮಯದ ಲೆಕ್ಕವನ್ನು ನಂಬಬೇಡಿ. ಈಗ ಸಮೋವಾ ನಮ್ಮ ದೇಶಕ್ಕಿಂತ ಏಳೂವರೆ ಗಂಟೆ ಮುಂದಿದೆ, ಫಿಜಿಗಿಂತ ಒಂದು ಗಂಟೆ ಮುಂದಿದೆ. ನೆರೆಯ ಅಮೆರಿಕನ್ ಸಮೋವಾ ಮಾತ್ರ ಪೂರಾ ಒಂದು ದಿನ ಹಿಂದಿದೆ.

ಇನ್ನೊಂದು ಮಾತು ಉಚ್ಚಾರದ ಬಗ್ಗೆ. ಸಮೋವಾದ ಭಾಷೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ. ಅದರಲ್ಲಿ ‘ಜಿ’ ಅಕ್ಷರ ಕಂಡಲ್ಲೆಲ್ಲ ನಮ್ಮ ‘ಙ’ ಧ್ವನಿಯನ್ನು ಹೊರಡಿಸಬೇಕು. ವರ್ಣಮಾಲೆಯಲ್ಲಿ ಕಲಿತು ಮರೆತ ಆ ಅಕ್ಷರ ಬಸ್ಸು ಹುಡುಕುವಾಗ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಹಂತ 2: ದರ ನೋಡುವ ಮೊದಲು ಟ್ರಾನ್ಸಿಟ್ ವೀಸಾ ನೋಡಿ

ಭಾರತದ ಪಾಸ್‌ಪೋರ್ಟ್ ಇದ್ದವರು ಸಮೋವಾಕ್ಕೆ ಮುಂಚಿತವಾಗಿ ವೀಸಾ ಮಾಡಿಸಬೇಕಿಲ್ಲ. ಪ್ರವಾಸಿ ಪರವಾನಗಿಯನ್ನು ಇಳಿದ ಮೇಲೆ ನಿಲ್ದಾಣದಲ್ಲೇ ಉಚಿತವಾಗಿ ಕೊಡುತ್ತಾರೆ. ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಮರಳುವ ಟಿಕೆಟ್, ವಸತಿಯ ವಿಳಾಸ ಮತ್ತು ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ ಕೈಯಲ್ಲಿರಲಿ. ಹೀಗಾಗಿ ತೊಡಕು ಬರುವುದು ಸಮೋವಾದಲ್ಲಲ್ಲ, ನಡುದಾರಿಯಲ್ಲಿ.

ಸಿಡ್ನಿ ಅಥವಾ ಬ್ರಿಸ್ಬೇನ್ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ಆಸ್ಟ್ರೇಲಿಯಾದ ಟ್ರಾನ್ಸಿಟ್ ವೀಸಾ ಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಮುಂಚಿತವಾಗಿ ಅರ್ಜಿ ಹಾಕಬೇಕು. ಆಕ್ಲೆಂಡ್ ಮೂಲಕವಾದರೆ ನ್ಯೂಜಿಲೆಂಡಿನ ಟ್ರಾನ್ಸಿಟ್ ವೀಸಾ ಬೇಕು, ಅದಕ್ಕೆ ಹಣ ಕಟ್ಟಬೇಕು. ಹೊನೊಲುಲು ಮೂಲಕವಾದರೆ ಅಮೆರಿಕದ ವೀಸಾ ಇರಲೇಬೇಕು.

ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಪುರ, ಅಲ್ಲಿಂದ ಫಿಜಿಯ ನಾಂದಿ, ನಾಂದಿಯಿಂದ ಅಪಿಯಾ ಎಂಬ ದಾರಿಯೇ ತೊಡಕಿಲ್ಲದ್ದು ಎಂಬುದು ನನ್ನ ಅಭಿಪ್ರಾಯ. ಸಿಂಗಪುರದಿಂದ ನಾಂದಿಗೆ ಸುಮಾರು ಹತ್ತು ಗಂಟೆ, ನಾಂದಿಯಿಂದ ಅಪಿಯಾಕ್ಕೆ ಎರಡು ಗಂಟೆಯ ಒಳಗೆ. ಫಿಜಿಗೂ ಭಾರತೀಯರಿಗೆ ಮುಂಗಡ ವೀಸಾ ಬೇಡ. ಆದ್ದರಿಂದ ನಾಂದಿಯಲ್ಲಿ ಹೊರಬಂದು ರಾತ್ರಿ ತಂಗಿ ಮರುದಿನ ಮುಂದೆ ಹೋಗುವುದಕ್ಕೂ ಅಡ್ಡಿಯಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಸುತ್ತು ಬೇಕಿಲ್ಲ. ಆಕ್ಲೆಂಡಿನಿಂದ ಅಪಿಯಾಕ್ಕೆ ನೇರ ವಿಮಾನದಲ್ಲಿ ನಾಲ್ಕು ಗಂಟೆ ಸಾಕು.

ಹೆಚ್ಚಿನವರು ಎಡವುವುದು ಸಿಂಗಪುರದಲ್ಲಿ. ಬೆಂಗಳೂರು–ಸಿಂಗಪುರ ಒಂದು ಟಿಕೆಟ್, ಸಿಂಗಪುರ–ನಾಂದಿ ಇನ್ನೊಂದು ಟಿಕೆಟ್ ಎಂದು ಬಿಡಿಬಿಡಿಯಾಗಿ ಕೊಂಡರೆ ಕೆಲವೊಮ್ಮೆ ಹಣ ಉಳಿಯುತ್ತದೆ. ಆದರೆ ಬಿಡಿ ಟಿಕೆಟಿನಲ್ಲಿ ಲಗೇಜನ್ನು ಸಿಂಗಪುರದಲ್ಲೇ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಅದಕ್ಕೆ ವಲಸೆ ತಪಾಸಣೆ ದಾಟಿ ಹೊರಬರಬೇಕು, ಹೊರಬರಲು ಸಿಂಗಪುರದ ವೀಸಾ ಬೇಕು. ನನ್ನ ಪರಿಚಯದ ದಂಪತಿಯನ್ನು ಬೆಂಗಳೂರಿನ ಕೌಂಟರಿನಲ್ಲೇ ಈ ಕಾರಣಕ್ಕೆ ತಡೆದರು. ಮುಂದಿನ ಮೂರೂ ಟಿಕೆಟ್‌ಗಳ ಹಣ ಹೋಯಿತು. ಇಡೀ ಪ್ರಯಾಣ ಒಂದೇ ಬುಕಿಂಗ್ ಸಂಖ್ಯೆಯಲ್ಲಿರಲಿ. ಅದು ಆಗದಿದ್ದರೆ ಬೆಂಗಳೂರಿನಿಂದ ನಾಂದಿಯವರೆಗಾದರೂ ಒಂದೇ ಬುಕಿಂಗ್ ಇರಲಿ. ‘ಲಗೇಜು ನಾಂದಿಯಲ್ಲಿ ಸಿಗುತ್ತದೆಯೇ’ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಿರಿ.

ಹಂತ 3: ತಿಂಗಳು ಆರಿಸಿ, ಆಮೇಲೆ ವಾರವನ್ನು ಜೋಡಿಸಿ

ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಣ ಹವೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಮತ್ತು ಚಂಡಮಾರುತದ ಕಾಲ. ಡಿಸೆಂಬರ್ ಮಧ್ಯದಿಂದ ಜನವರಿಯವರೆಗೆ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿರುವ ಸಮೋವನ್ನರು ಊರಿಗೆ ಬರುವುದರಿಂದ ವಿಮಾನಗಳು ತುಂಬಿ ದರ ಏರುತ್ತದೆ. ಕಡಿಮೆ ಖರ್ಚಿನವರಿಗೆ ಮೇ ಅಥವಾ ಅಕ್ಟೋಬರ್ ಹೊಂದುತ್ತದೆ.

ವಾರದ ಲೆಕ್ಕ ಇದಕ್ಕಿಂತಲೂ ಮುಖ್ಯ. ಸಮೋವಾದಲ್ಲಿ ಭಾನುವಾರ ಎಂದರೆ ಚರ್ಚು, ಮನೆಯವರೊಂದಿಗಿನ ದೊಡ್ಡ ಊಟ ಮತ್ತು ವಿಶ್ರಾಂತಿ. ಬಸ್ಸುಗಳು ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಕೆಲವು ಹಳ್ಳಿಗಳಲ್ಲಿ ಅಂದು ಈಜುವುದಕ್ಕೂ ಒಪ್ಪಿಗೆಯಿಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೇ ಬಸ್ಸುಗಳು ವಿರಳವಾಗುತ್ತವೆ. ಆದ್ದರಿಂದ ಭಾನುವಾರವನ್ನು ಪ್ರಯಾಣಕ್ಕೆ ಇಡಲೇಬೇಡಿ. ಶನಿವಾರ ಬೆಳಿಗ್ಗೆ ಎಲ್ಲಿರುತ್ತೀರೋ ಸೋಮವಾರ ಬೆಳಿಗ್ಗೆಯೂ ಅಲ್ಲೇ ಇರುವಂತೆ ಯೋಜಿಸಿ.

ಇಳಿಯುವ ದಿನ ಸೋಮವಾರದಿಂದ ಗುರುವಾರದೊಳಗೆ, ಆದಷ್ಟು ಹಗಲಿನಲ್ಲಿ ಇರಲಿ. ಇದಕ್ಕೆ ಭೂಗೋಳದ ಕಾರಣವೂ ಇದೆ. ಫಲೆಓಲೊ ವಿಮಾನ ನಿಲ್ದಾಣ ಉಪೋಲು ದ್ವೀಪದ ಪಶ್ಚಿಮ ತುದಿಯಲ್ಲಿದೆ. ಅಪಿಯಾ ಅಲ್ಲಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್ ದೂರ. ಇನ್ನೊಂದು ದೊಡ್ಡ ದ್ವೀಪವಾದ ಸವಾಯಿಗೆ ಹಡಗು ಹೊರಡುವ ಮುಲಿಫನುವಾ ಕಟ್ಟೆಯಾದರೋ ನಿಲ್ದಾಣದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್. ಹಗಲಿನಲ್ಲಿ ಇಳಿದವರು ಅಪಿಯಾಕ್ಕೆ ಹೋಗದೆ ನೇರವಾಗಿ ಹಡಗು ಹತ್ತಿದರೆ ಒಂದು ದಿನವೂ ಉಳಿಯುತ್ತದೆ, ಎರಡು ಸಲದ ಟ್ಯಾಕ್ಸಿ ಬಾಡಿಗೆಯೂ ಉಳಿಯುತ್ತದೆ.

ಹದಿಮೂರು ರಾತ್ರಿಗಳ ಒಂದು ಜೋಡಣೆ ಹೀಗಿರಬಹುದು. ಮಂಗಳವಾರ ಇಳಿದು ಅಂದೇ ಸವಾಯಿಗೆ ಹೋಗಿ, ಮುಂದಿನ ಸೋಮವಾರದವರೆಗೆ ಉತ್ತರ ತೀರದ ಮನಾಸೆಯಲ್ಲಿ ಇರಿ. ಸೋಮವಾರ ಬೆಳಗಿನ ಹಡಗಿನಲ್ಲಿ ಉಪೋಲುಗೆ ಮರಳಿ, ಅಪಿಯಾದಲ್ಲಿ ಬಸ್ಸು ಬದಲಿಸಿ ಆಗ್ನೇಯ ತೀರದ ಲಲೊಮಾನುವಿಗೆ ಹೋಗಿ ಶುಕ್ರವಾರದವರೆಗೆ ಉಳಿಯಿರಿ. ಶುಕ್ರವಾರದಿಂದ ಸೋಮವಾರದವರೆಗೆ ಅಪಿಯಾ. ಶನಿವಾರ ಬೆಳಿಗ್ಗೆ ಮಾರುಕಟ್ಟೆ, ಭಾನುವಾರ ವಿಶ್ರಾಂತಿ, ಸೋಮವಾರ ವಿಮಾನ.

ಹಂತ 4: ಫಾಲೆ ಕಾಯ್ದಿರಿಸಿ

ಫಾಲೆ ಎಂದರೆ ಗೋಡೆಗಳಿಲ್ಲದ ಸಮೋವನ್ ಮನೆ. ಕಡಲತೀರದ ಫಾಲೆಗಳಲ್ಲಿ ಕಂಬಗಳ ಮೇಲೆ ಚಾವಣಿ, ಎತ್ತರಿಸಿದ ಹಲಗೆಯ ನೆಲ, ಅದರ ಮೇಲೆ ಹಾಸಿಗೆ ಮತ್ತು ಸೊಳ್ಳೆಪರದೆ ಇರುತ್ತವೆ. ಸುತ್ತಲೂ ತೆಂಗಿನ ಗರಿಯಿಂದ ಹೆಣೆದ ತಟ್ಟಿಗಳು ಒಂದರ ಮೇಲೊಂದು ಮಡಿಸಿಕೊಂಡು ತೂಗುತ್ತಿರುತ್ತವೆ. ಮಳೆ ಬಂದಾಗ ಹಗ್ಗ ಸಡಿಲಿಸಿದರೆ ಅವು ಸರಸರನೆ ಇಳಿದು ಗೋಡೆಯಾಗುತ್ತವೆ; ಗಾಳಿಗೆದುರಾದ ಬದಿಯದನ್ನು ಮೊದಲು ಇಳಿಸದಿದ್ದರೆ ಹಾಸಿಗೆ ಅರ್ಧ ನಿಮಿಷದಲ್ಲಿ ನೆನೆಯುತ್ತದೆ. ಸಂಜೆ ಬೆಳಕಿರುವಾಗಲೇ ಹಗ್ಗ ಯಾವುದು, ಗಂಟು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಬೆಳಗಿನ ತಿಂಡಿ, ರಾತ್ರಿಯ ಊಟ ಸೇರಿ ಒಬ್ಬರಿಗೆ ದಿನಕ್ಕೆ 80ರಿಂದ 150 ತಾಲ ಎಂದು ಲೆಕ್ಕ ಹಾಕಿ. ತಾಲ ಸಮೋವಾದ ನಾಣ್ಯ; ಒಂದು ತಾಲಕ್ಕೆ 30 ರೂಪಾಯಿಗಿಂತ ತುಸು ಹೆಚ್ಚು. ಬೆಲೆ ಒಬ್ಬರಿಗೋ ಇಡೀ ಫಾಲೆಗೋ, ಊಟ ಸೇರಿದೆಯೋ ಇಲ್ಲವೋ ಎಂದು ಕೇಳಿಯೇ ಒಪ್ಪಿಕೊಳ್ಳಿ. ಅನೇಕ ಫಾಲೆಗಳನ್ನು ಊರಿನ ಕುಟುಂಬಗಳೇ ನಡೆಸುವುದರಿಂದ ಬುಕಿಂಗ್ ತಾಣಗಳಲ್ಲಿ ಸಿಗದಿರಬಹುದು. ಫೋನ್ ಅಥವಾ ಇ-ಮೇಲ್ ಮಾಡಿ, ಎರಡು ದಿನ ಕಾಯಿರಿ.

ಬೀಗ ಹಾಕುವ ಬಾಗಿಲು ಇರುವುದಿಲ್ಲವಾದ್ದರಿಂದ ಪಾಸ್‌ಪೋರ್ಟ್ ಮತ್ತು ಹಣವನ್ನು ಎಲ್ಲಿಡಬೇಕು ಎಂದೂ ಕೇಳಿ. ಸೊಳ್ಳೆಪರದೆಯಲ್ಲಿ ತೂತುಗಳಿದ್ದರೆ, ಕುಡಿಯುವ ನೀರಿನ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ, ಪೂರ್ತಿ ಹಣವನ್ನು ಮೊದಲೇ ಕಳಿಸಲು ಒತ್ತಾಯವಿದ್ದರೆ ಆ ಜಾಗ ಬೇಡ.

ಸಸ್ಯಾಹಾರಿಗಳು ಇದೇ ಹಂತದಲ್ಲಿ ಮಾತು ಮುಗಿಸಿಕೊಳ್ಳಬೇಕು. ‘ಮಾಂಸ ಬೇಡ’ ಎಂದಷ್ಟೇ ಬರೆದರೆ ಮೀನು, ಕೋಳಿ ಬರುವ ಸಂಭವವಿದೆ. ‘ಮೀನು, ಕೋಳಿ, ಹಂದಿ, ಡಬ್ಬಿಯ ಮಾಂಸ ಯಾವುದೂ ಬೇಡ, ಕೆಸುವಿನ ಗೆಡ್ಡೆ, ಉಲು, ಬಾಳೆಕಾಯಿ, ಅನ್ನ, ಪಲುಸಾಮಿ ಸಾಕು’ ಎಂದು ಬರೆಯಿರಿ. ಉಲು ಎಂದರೆ ನಮ್ಮ ಕರಾವಳಿಯ ಜೀಗುಜ್ಜೆ. ಅದನ್ನು ಅಲ್ಲಿ ಬೆಂಕಿಯಲ್ಲಿ ಸುಡುತ್ತಾರೆ. ಪಲುಸಾಮಿ ಎಂದರೆ ಎಳೆ ಕೆಸುವಿನ ಎಲೆಯಲ್ಲಿ ತೆಂಗಿನ ಗಟ್ಟಿ ಹಾಲು, ಈರುಳ್ಳಿ ತುಂಬಿ, ಕಾದ ಕಲ್ಲುಗಳ ಒಲೆಯಲ್ಲಿ ಬೇಯಿಸಿದ್ದು. ಪತ್ರೊಡೆ ಉಂಡವರಿಗೆ ಆ ಎಲೆಯ ರುಚಿ ಗುರುತು ಸಿಗುತ್ತದೆ. ಕೆಲವರು ಅದಕ್ಕೂ ಡಬ್ಬಿಯ ದನದ ಮಾಂಸ ಸೇರಿಸುವುದುಂಟು. ಅದನ್ನು ‘ಪಿಸುಪೊ’ ಎನ್ನುತ್ತಾರೆ. ಈ ಪದವನ್ನು ಕಲಿತಿಟ್ಟುಕೊಳ್ಳಿ.

ಹಂತ 5: ಈಗ ಟಿಕೆಟ್ ಕೊಳ್ಳಿ

ನಾಂದಿಯಿಂದ ಅಪಿಯಾಕ್ಕೆ ಎಲ್ಲ ಹೊತ್ತಿನಲ್ಲೂ ವಿಮಾನವಿಲ್ಲ, ಕೆಲವು ರಾತ್ರಿ ಇಳಿಯುತ್ತವೆ. ನಿಮ್ಮ ವಾರದ ಜೋಡಣೆಗೆ ಹೊಂದುವ ವಿಮಾನಕ್ಕೆ ಎರಡು ಸಾವಿರ ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ರಾತ್ರಿಯ ಟ್ಯಾಕ್ಸಿ ಮತ್ತು ಒಂದು ಹೋಟೆಲ್ ಕೋಣೆ ಅದಕ್ಕಿಂತ ಹೆಚ್ಚು ನುಂಗುತ್ತವೆ. ಇಡೀ ಪ್ರವಾಸದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಟಿಕೆಟಿನದೇ ಆಗಿರುವುದರಿಂದ ದ್ವೀಪದಲ್ಲಿ ಹತ್ತು ದಿನಕ್ಕಿಂತ ಕಡಿಮೆ ಇರುವುದು ನಷ್ಟ.

ತುರ್ತು ಚಿಕಿತ್ಸೆಗಾಗಿ ನ್ಯೂಜಿಲೆಂಡಿಗೆ ಸಾಗಿಸುವ ವೆಚ್ಚವೂ ಸೇರಿರುವ ವಿಮೆಯನ್ನು ಇದೇ ದಿನ ಮಾಡಿಸಿ. ಉಳಿತಾಯ ಮಾಡಬಾರದ ಜಾಗ ಇದೊಂದೇ.

ಹಂತ 6: ಹಣ

ತಾಲ ಭಾರತದಲ್ಲಿ ಸಿಗುವುದಿಲ್ಲ. ಅಮೆರಿಕದ ಅಥವಾ ನ್ಯೂಜಿಲೆಂಡಿನ ಡಾಲರ್ ನೋಟುಗಳನ್ನು ಒಯ್ದು ಅಲ್ಲಿ ಬದಲಿಸಿಕೊಳ್ಳಿ. ಜೊತೆಗೆ ಬೇರೆ ಬೇರೆ ಬ್ಯಾಂಕುಗಳ ಎರಡು ಕಾರ್ಡುಗಳಿರಲಿ, ಎರಡರಲ್ಲೂ ವಿದೇಶಿ ವಹಿವಾಟನ್ನು ಊರಿನಲ್ಲೇ ಚಾಲೂ ಮಾಡಿಸಿ. ಅಪಿಯಾದಲ್ಲಿ ಎಟಿಎಂಗಳು ಬೇಕಾದಷ್ಟಿವೆ. ಸವಾಯಿಯಲ್ಲಿ ಹಡಗು ತಲುಪುವ ಸಲೆಲೊಲೊಙದಲ್ಲೇ ಹಣ ತೆಗೆದುಕೊಳ್ಳಿ, ಮುಂದಿನ ಹಳ್ಳಿಗಳಲ್ಲಿ ಸಿಗುವ ಭರವಸೆಯಿಲ್ಲ. ಫಾಲೆಗಳಲ್ಲಿ ನಗದೇ ನಡೆಯುತ್ತದೆ.

ಹದಿಮೂರು ರಾತ್ರಿಗೆ ಒಬ್ಬರ ಅಂದಾಜು ಹೀಗೆ: ವಸತಿ ಮತ್ತು ಎರಡು ಹೊತ್ತಿನ ಊಟಕ್ಕೆ 1,400 ತಾಲ, ಮಧ್ಯಾಹ್ನದ ಊಟಕ್ಕೆ 200, ಬಸ್ಸು ಮತ್ತು ಹಡಗಿಗೆ 120, ಹಳ್ಳಿಗಳ ಪ್ರವೇಶ ಶುಲ್ಕಕ್ಕೆ 120, ಒಂದು ದಿನದ ಹಂಚಿಕೆಯ ಕಾರಿಗೆ 60, ಸಿಮ್ ಕಾರ್ಡಿಗೆ 50, ಒಂದೆರಡು ಟ್ಯಾಕ್ಸಿಗೆ 150. ಒಟ್ಟು 2,100 ತಾಲ, ಎಂದರೆ ಹತ್ತಿರಹತ್ತಿರ 65,000 ರೂಪಾಯಿ. ಇದಕ್ಕೆ ಹೊರತಾಗಿ 500 ತಾಲದಷ್ಟು ಹಣವನ್ನು ಮುಟ್ಟದೆ ಇಟ್ಟುಕೊಳ್ಳಿ. ಚಂಡಮಾರುತದಿಂದಲೋ ಸಮುದ್ರದ ಅಬ್ಬರದಿಂದಲೋ ಹಡಗು ನಿಂತರೆ ಎರಡು ದಿನ ಕಾಯಬೇಕಾಗುತ್ತದೆ.

ಹಂತ 7: ಚೀಲದಲ್ಲಿ ಏನಿರಬೇಕು, ಏನಿರಬಾರದು

ಆಸ್ಟ್ರೇಲಿಯಾ ಮಾದರಿಯ ಪ್ಲಗ್ ಅಡಾಪ್ಟರ್, ಟಾರ್ಚ್, ಸೊಳ್ಳೆ ನಿವಾರಕ, ಹವಳದ ಮೇಲೆ ಕಾಲಿಡಲು ರಬ್ಬರಿನ ನೀರಿನ ಬೂಟು, ಈಜುವಾಗ ಉಡಲು ಉದ್ದ ತೋಳಿನ ಅಂಗಿ, ಗಾಯಕ್ಕೆ ಹಚ್ಚುವ ಔಷಧ, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣಗಳು ಬೇಕು. ಸುತ್ತಿಕೊಳ್ಳುವ ಬಟ್ಟೆಯೊಂದು ಇರಲೇಬೇಕು. ಅಲ್ಲಿ ಅದನ್ನು ‘ಲಾವಲಾವಾ’ ಎನ್ನುತ್ತಾರೆ, ನಮ್ಮ ಲುಂಗಿಯೇ ಸಾಕು.

ಕರಿಬೇವು, ಹಣ್ಣು, ತರಕಾರಿ, ಬೀಜ, ಮನೆಯಲ್ಲಿ ಮಾಡಿದ ತುಪ್ಪ, ಜೇನುತುಪ್ಪ ಇವನ್ನು ಒಯ್ಯಬೇಡಿ. ದ್ವೀಪದೇಶಗಳಿಗೆ ಹೊರಗಿನ ಒಂದು ಕೀಟ ಬಂದರೂ ಬೆಳೆಯೇ ಹೋಗುವ ಭಯ, ಅದಕ್ಕೇ ತಪಾಸಣೆ ಬಿಗಿ. ಅವಲಕ್ಕಿ, ಚಟ್ನಿಪುಡಿಯಂಥ ತಿನಿಸುಗಳು ಕಂಪನಿಯ ಮುಚ್ಚಿದ ಪೊಟ್ಟಣದಲ್ಲಿರಲಿ, ಅವನ್ನೂ ದೇಶದ ಪ್ರವೇಶಕ್ಕೆ ತುಂಬುವ ಅರ್ಜಿಯಲ್ಲಿ ತಪ್ಪದೆ ನಮೂದಿಸಿ. ನಮೂದಿಸಿದ್ದನ್ನು ಹೆಚ್ಚೆಂದರೆ ತೆಗೆದುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ನಾಂದಿಯಲ್ಲಿ ತಂಗುವವರಿಗೆ ಅಲ್ಲಿನ ಭಾರತೀಯ ಮೂಲದವರ ಅಂಗಡಿಗಳಲ್ಲಿ ಬೇಳೆ, ಮಸಾಲೆ, ರೊಟ್ಟಿ ಎಲ್ಲವೂ ಸಿಗುತ್ತವೆ.

ದಡಾರ ಲಸಿಕೆ ಆಗಿದೆಯೇ ನೋಡಿಕೊಳ್ಳಿ. 2019ರಲ್ಲಿ ಸಮೋವಾದಲ್ಲಿ ದಡಾರದಿಂದ 83 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು. ಹೊರಗಿನಿಂದ ಹೋಗುವವರು ಈ ವಿಷಯದಲ್ಲಿ ಅಸಡ್ಡೆ ಮಾಡುವಂತಿಲ್ಲ.

ಹಂತ 8: ಬಸ್ಸು, ಹಡಗು, ಕಾರು

ಬಸ್ಸುಗಳಿಗೆ ಸಂಖ್ಯೆಯಿಲ್ಲ, ವೇಳಾಪಟ್ಟಿಯಿಲ್ಲ. ಗಾಜಿನ ಮೇಲೆ ಹಳ್ಳಿಯ ಹೆಸರು ಬರೆದಿರುತ್ತದೆ. ಅಪಿಯಾದಲ್ಲಿ ಅವು ಮಾರುಕಟ್ಟೆಯ ಬಳಿ ನಿಂತು, ತುಂಬಿದ ಮೇಲೆ ಹೊರಡುತ್ತವೆ. ಹಳ್ಳಿಯಿಂದ ಪಟ್ಟಣಕ್ಕೆ ನಸುಕಿನಲ್ಲಿ, ಪಟ್ಟಣದಿಂದ ಹಳ್ಳಿಗೆ ಮಧ್ಯಾಹ್ನದ ಮೇಲೆ ಬರುವುದು ಅವುಗಳ ರೂಢಿ, ಏಕೆಂದರೆ ಅವು ಓಡುವುದು ಹಳ್ಳಿಯವರ ಕೆಲಸಕ್ಕೆ. ಬೆಳಿಗ್ಗೆ ಹತ್ತಕ್ಕೆ ತೀರಕ್ಕೆ ಹೋಗಿ ಸಂಜೆ ಐದಕ್ಕೆ ಪಟ್ಟಣಕ್ಕೆ ಮರಳುವ ಯೋಜನೆ ಬಸ್ಸಿನಲ್ಲಿ ನಡೆಯುವುದಿಲ್ಲ. ಹೋದಲ್ಲಿ ತಂಗುವ ಯೋಜನೆ ಮಾತ್ರ ನಡೆಯುತ್ತದೆ.

ಮರದ ಬೆಂಚುಗಳ ಬಸ್ಸಿನಲ್ಲಿ ಕಾಲಡಿಗೆ ಕೆಸುವಿನ ಗೆಡ್ಡೆಯ ಚೀಲ, ಎದುರಿಗೆ ಹಿಟ್ಟಿನ ಮೂಟೆ ಇರುತ್ತವೆ. ಜಾಗ ಮುಗಿದಾಗ ಯಾರೂ ನಿಲ್ಲುವುದಿಲ್ಲ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂರುತ್ತಾರೆ. ವಯಸ್ಸಾದವರು ಹತ್ತಿದರೆ ಮುಂದಿನ ಸೀಟು ಬಿಟ್ಟು ಹಿಂದಕ್ಕೆ ಸರಿಯಿರಿ. ಚಿಲ್ಲರೆ ಕೈಯಲ್ಲಿರಲಿ.

ಮುಲಿಫನುವಾದಿಂದ ಸಲೆಲೊಲೊಙಕ್ಕೆ ಹಡಗಿನಲ್ಲಿ ಒಂದರಿಂದ ಒಂದೂವರೆ ಗಂಟೆ. ನಡೆದು ಹತ್ತುವವರು ಕಟ್ಟೆಯಲ್ಲೇ ಟಿಕೆಟ್ ಕೊಳ್ಳಬಹುದು. ಕಾರಿದ್ದರೆ ಮುಂಚಿತವಾಗಿ ಕಾಯ್ದಿರಿಸಬೇಕು. ಹಡಗು ತಲುಪುವ ಹೊತ್ತಿಗೆ ಸವಾಯಿಯ ಬಸ್ಸುಗಳು ಕಟ್ಟೆಯ ಬಳಿ ಕಾದಿರುತ್ತವೆ. ಇಳಿದವರು ಚಹಾ ಕುಡಿಯಲು ನಿಂತರೆ ಬಸ್ಸು ಹೋಗಿಬಿಡುತ್ತದೆ.

ಸವಾಯಿಯನ್ನು ಸುತ್ತಿ ನೋಡಲು ಮಾತ್ರ ಕಾರು ಬೇಕು. ನಾಲ್ವರು ಸೇರಿ ಒಂದು ದಿನಕ್ಕೆ ತೆಗೆದುಕೊಂಡರೆ ಸಾಕು: ಸಲೆಔಲದ ಲಾವಾ ಬಯಲು, ಅಫು ಆವು ಜಲಪಾತ, ತಙ ಹಳ್ಳಿಯ ಬಳಿ ಬಂಡೆಯ ರಂಧ್ರಗಳಿಂದ ಸಮುದ್ರ ಚಿಮ್ಮುವ ಜಾಗ ಎಲ್ಲವೂ ಒಂದೇ ಸುತ್ತಿನಲ್ಲಿ ಆಗುತ್ತವೆ. 2009ರಿಂದ ಅಲ್ಲೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ. ತಾತ್ಕಾಲಿಕ ಲೈಸೆನ್ಸ್ ಮಾಡಿಸಿಕೊಳ್ಳಬೇಕು, ಕಾರು ಕೊಡುವವರೇ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ರಸ್ತೆಯಲ್ಲಿ ಹಂದಿ, ನಾಯಿ, ಮಕ್ಕಳು ಅಡ್ಡ ಬರುವುದರಿಂದ ಕತ್ತಲಾದ ಮೇಲೆ ಓಡಿಸಬೇಡಿ. ಟ್ಯಾಕ್ಸಿಗಳಲ್ಲಿ ಮೀಟರ್ ಇಲ್ಲ. ಹತ್ತುವ ಮೊದಲೇ ಬೆಲೆ ಮಾತಾಡಿ.

ಹಂತ 9: ಹಳ್ಳಿಯ ನಿಯಮಗಳು

ಜಲಪಾತ, ಕಡಲತೀರ, ಗುಹೆ ಎಲ್ಲವೂ ಯಾವುದೋ ಹಳ್ಳಿಗೆ ಅಥವಾ ಕುಟುಂಬಕ್ಕೆ ಸೇರಿದವು. ನೋಡಲು 5ರಿಂದ 20 ತಾಲ ಕೊಡಬೇಕಾಗುತ್ತದೆ. ಲೊಟೊಫಙದ ಪ್ರಸಿದ್ಧ ತೊ ಸುವ ಕೊಳಕ್ಕೆ ಅದಕ್ಕಿಂತಲೂ ಹೆಚ್ಚಿರಬಹುದು. ಇದನ್ನು ಸುಲಿಗೆ ಎಂದುಕೊಳ್ಳುವುದು ತಪ್ಪು, ಅದು ಅವರ ನೆಲ. ಫಲಕ ಇರುವಲ್ಲಿ, ಫಾಲೆಯಲ್ಲಿ ಕುಳಿತ ಹಿರಿಯರ ಕೈಗೆ ಕೊಡಿ. ದಾರಿಯಲ್ಲಿ ಕೈಯೊಡ್ಡುವ ಮಕ್ಕಳಿಗೆ ಕೊಟ್ಟರೆ ಮುಂದೆ ಮತ್ತೆ ಕೊಡಬೇಕಾಗುತ್ತದೆ.

ಸಂಜೆ ಆರು–ಏಳರ ನಡುವೆ ಅನೇಕ ಹಳ್ಳಿಗಳಲ್ಲಿ ‘ಸಾ’ ಎಂಬ ಪ್ರಾರ್ಥನೆಯ ವೇಳೆ. ಶಂಖದ ಅಥವಾ ಗಂಟೆಯ ಸದ್ದು ಕೇಳಿದರೆ ನಡೆಯುವುದನ್ನು ನಿಲ್ಲಿಸಿ, ಮತ್ತೆ ಸದ್ದಾಗುವವರೆಗೆ ಇದ್ದಲ್ಲೇ ಕುಳಿತಿರಿ. ಕುಳಿತವರ ಮುಂದೆ ಹಾದುಹೋಗುವಾಗ ಬೆನ್ನು ಬಾಗಿಸಿ ‘ತುಲೊವು’ ಎನ್ನಬೇಕು. ಫಾಲೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂರಿ, ಯಾರ ಕಡೆಗೂ ಕಾಲು ಚಾಚಬೇಡಿ. ಇದು ನಮ್ಮ ಮನೆಗಳಲ್ಲೂ ಇರುವ ಮಾತೇ. ಈಜುಡುಗೆಯಲ್ಲಿ ಹಳ್ಳಿಯೊಳಗೆ ನಡೆಯುವಂತಿಲ್ಲ.

ಹಂತ 10: ಈ ಸೂಚನೆಗಳು ಕಂಡರೆ ಯೋಚಿಸುತ್ತ ನಿಲ್ಲಬೇಡಿ

ನೆಲ ಜೋರಾಗಿ ಅಥವಾ ಬಹಳ ಹೊತ್ತು ನಡುಗಿದರೆ, ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸೈರನ್‌ಗಾಗಿ ಕಾಯದೆ ಗುಡ್ಡ ಹತ್ತಿ. 2009ರ ಸೆಪ್ಟೆಂಬರ್ 29ರ ಸುನಾಮಿಯಲ್ಲಿ ಲಲೊಮಾನು ಸೇರಿದಂತೆ ಉಪೋಲುವಿನ ದಕ್ಷಿಣ ಮತ್ತು ಆಗ್ನೇಯ ತೀರ ನುಚ್ಚುನೂರಾಯಿತು. ಫಾಲೆ ತಲುಪಿದ ದಿನವೇ ಮೇಲಕ್ಕೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಿ, ಎಷ್ಟು ನಿಮಿಷ ಹಿಡಿಯಿತು ಎಂದು ತಿಳಿದುಕೊಳ್ಳಿ.

ಹವಳದ ದಿಬ್ಬದ ಒಳಗಿನ ನೀರು ಶಾಂತವಾಗಿ ಕಂಡರೂ, ದಿಬ್ಬ ಒಡೆದಿರುವ ಕಂಡಿಗಳಲ್ಲಿ ಇಳಿತದ ವೇಳೆ ನೀರು ಹೊರಸಮುದ್ರಕ್ಕೆ ರಭಸದಿಂದ ಎಳೆಯುತ್ತದೆ. ಇವನ್ನು ‘ಅವಾ’ ಎನ್ನುತ್ತಾರೆ. ಈಜುವ ಮೊದಲು ‘ಅವಾ ಎಲ್ಲಿದೆ’ ಎಂದು ಫಾಲೆಯವರನ್ನು ಕೇಳಿ, ಅದರಿಂದ ದೂರವಿರಿ. ಹವಳ ಗೀರಿದ ಗಾಯ ಎಷ್ಟೇ ಚಿಕ್ಕದಿರಲಿ ಅಂದೇ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸುತ್ತ ಕೆಂಪಾಗಿ ಬಿಸಿಯೇರಿದರೆ ವೈದ್ಯರ ಬಳಿಗೆ ಹೋಗಿ.

ಜ್ವರ ಬಂದರೆ ಡೆಂಗಿ ಇರಬಹುದೆಂದೇ ತಿಳಿದು ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಿ, ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಬೇಡ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಜ್ವರ ಇಳಿದಿದ್ದರೂ ಅಪಿಯಾದ ಆಸ್ಪತ್ರೆಗೆ ಹೊರಡಬೇಕು. ಸವಾಯಿಯಲ್ಲಿದ್ದರೆ ಹಡಗಿನ ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬೇಗ ನಿರ್ಧರಿಸಿ.

ಹಂತ 11: ಹೊರಡುವ ದಿನ

ಉಳಿದ ತಾಲವನ್ನು ಸಮೋವಾ ಬಿಡುವ ಮೊದಲೇ ಬದಲಿಸಿಕೊಳ್ಳಿ, ಭಾರತದಲ್ಲಿ ಅದನ್ನು ಯಾರೂ ಕೊಳ್ಳುವುದಿಲ್ಲ. ಹವಳದ ತುಂಡು, ದೊಡ್ಡ ಚಿಪ್ಪುಗಳನ್ನು ಚೀಲಕ್ಕೆ ಹಾಕಬೇಡಿ. ಹಲವು ಬಗೆಯ ಹವಳ ಮತ್ತು ಚಿಪ್ಪುಗಳನ್ನು ಪರವಾನಗಿಯಿಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ನಸುಕಿನ ವಿಮಾನವಿದ್ದರೆ ಕೊನೆಯ ರಾತ್ರಿ ಅಪಿಯಾದ ಬದಲು ನಿಲ್ದಾಣದ ಹತ್ತಿರದ ಹಳ್ಳಿಯಲ್ಲಿ ತಂಗಿ, ಟ್ಯಾಕ್ಸಿಯನ್ನು ಹಿಂದಿನ ಸಂಜೆಯೇ ಬೆಲೆ ಮಾತಾಡಿ ಗೊತ್ತುಮಾಡಿಕೊಳ್ಳಿ. ಆ ಹಿಂದಿನ ದಿನ ಭಾನುವಾರವಾಗಿದ್ದರೆ ಶನಿವಾರವೇ ಮಾತಾಡಿಡಿ.